ಮಿಸಿಸಿಪ್ಪಿಯ ಎರಡನೇ ಸುತ್ತು: ಕಷ್ಟಕಾಲದ ಮತಕ್ಕೆ ದೊರೆತದ್ದೇನು?

ಅಮೆರಿಕದ ಚುನಾವಣೆ ಎಂದೊಡನೆ ನಮ್ಮಲ್ಲಿ ಚರ್ಚೆಯಾಗುವುದು ಅಧ್ಯಕ್ಷರ ಹೆಸರು ಮಾತ್ರ. ಆ ದೇಶದ ಕಡುಬಡ ರಾಜ್ಯಗಳಲ್ಲೊಂದಾದ ಮಿಸಿಸಿಪ್ಪಿಯಲ್ಲಿ 2014ರ ಜೂನ್ ತಿಂಗಳಲ್ಲಿ ನಡೆದ, ಒಂದೇ ಪಕ್ಷದ ಒಳಗಿನ ಸ್ಪರ್ಧೆಯೊಂದನ್ನು ನಮ್ಮವರು ಅಷ್ಟಾಗಿ ಗಮನಿಸಲಿಲ್ಲ. ಅಲ್ಪಸಂಖ್ಯಾತರಾಗಿ ಬಾಳುವ ಸಮುದಾಯವೊಂದು ತನ್ನದಲ್ಲದ ಪಕ್ಷದ ಜಗಳದಲ್ಲಿ ಏನು ಮಾಡಬಹುದು, ಅದರಿಂದ ಏನು ಪಡೆಯಬಹುದು ಎಂಬ ಪ್ರಶ್ನೆಯನ್ನು ಅಷ್ಟು ನೇರವಾಗಿ ಮುಂದಿಟ್ಟ ಸ್ಪರ್ಧೆಗಳು ಅಪರೂಪ. ಆದ್ದರಿಂದ ಹತ್ತು ವರ್ಷಗಳು ಕಳೆದ ಮೇಲೂ ಅದರ ಬಗ್ಗೆ ಬರೆಯುವುದು ಅಗತ್ಯವೆಂದು ನಾವು ಭಾವಿಸುತ್ತೇವೆ.

ನಮ್ಮ ದೇಶದಲ್ಲಿ ಪಕ್ಷದ ಟಿಕೆಟ್ ಯಾರಿಗೆ ಎಂಬುದನ್ನು ವರಿಷ್ಠರು ನಿರ್ಧರಿಸುತ್ತಾರೆ. ಅಮೆರಿಕದಲ್ಲಿ ಅದನ್ನು ಮತದಾರರೇ ನಿರ್ಧರಿಸುತ್ತಾರೆ. ಮುಖ್ಯ ಚುನಾವಣೆಗೆ ಕೆಲವು ತಿಂಗಳ ಮೊದಲು ಪ್ರತಿ ಪಕ್ಷಕ್ಕೂ ಒಂದು ಪ್ರಾಥಮಿಕ ಚುನಾವಣೆ ನಡೆಯುತ್ತದೆ. ಮೂವತ್ತು ವರ್ಷ ಸೆನೆಟ್ ಸದಸ್ಯರಾಗಿದ್ದವರೂ ಅಲ್ಲಿ ಗೆದ್ದೇ ಮತ್ತೆ ಅಭ್ಯರ್ಥಿಯಾಗಬೇಕು. ಮಿಸಿಸಿಪ್ಪಿಯ ವಿಶೇಷವೆಂದರೆ ಅಲ್ಲಿ ಮತದಾರರು ತಾವು ಇಂಥ ಪಕ್ಷದವರೆಂದು ನೋಂದಾಯಿಸಿಕೊಳ್ಳುವ ಪದ್ಧತಿಯೇ ಇಲ್ಲ. ಯಾವ ಪಕ್ಷದ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಬೇಕೆಂಬುದನ್ನು ಅವರು ಮತಗಟ್ಟೆಯಲ್ಲಿಯೇ ತೀರ್ಮಾನಿಸಬಹುದು. ಯಾರಿಗೂ ಬಹುಮತ ದೊರೆಯದಿದ್ದರೆ ಆಗಿನ ನಿಯಮದಂತೆ ಮೂರು ವಾರಗಳ ಬಳಿಕ ಮೊದಲ ಇಬ್ಬರ ನಡುವೆ ಎರಡನೇ ಸುತ್ತು ನಡೆಯುತ್ತಿತ್ತು.

ಆ ವರ್ಷ ರಿಪಬ್ಲಿಕನ್ ಪಕ್ಷದ ಥ್ಯಾಡ್ ಕಾಕ್ರನ್ ಏಳನೇ ಅವಧಿಗೆ ಸ್ಪರ್ಧಿಸಿದ್ದರು. ವಯಸ್ಸು 76. 1978ರಲ್ಲಿ ಸೆನೆಟ್‌ಗೆ ಆಯ್ಕೆಯಾದ ಅವರು ಮೃದುಭಾಷಿ. ಗದ್ದಲ ಮಾಡದೆ ಒಕ್ಕೂಟ ಸರಕಾರದ ಹಣವನ್ನು ತಮ್ಮ ರಾಜ್ಯಕ್ಕೆ ತರುವುದರಲ್ಲಿ ನಿಪುಣರೆಂದು ಹೆಸರಾದವರು. 2005ರ ಕತ್ರಿನಾ ಚಂಡಮಾರುತ ಮಿಸಿಸಿಪ್ಪಿಯ ಕರಾವಳಿಯನ್ನು ನೆಲಸಮ ಮಾಡಿದಾಗ ಸೆನೆಟ್‌ನ ಹಣಕಾಸು ಹಂಚಿಕೆ ಸಮಿತಿಯ ಅಧ್ಯಕ್ಷರಾಗಿದ್ದವರು ಅವರೇ. ಆ ವರ್ಷಾಂತ್ಯಕ್ಕೆ ಕರಾವಳಿ ರಾಜ್ಯಗಳಿಗೆ ಸುಮಾರು 2,900 ಕೋಟಿ ಡಾಲರ್ ಪರಿಹಾರ ಮಂಜೂರಾಗುವಲ್ಲಿ ಅವರ ಪಾತ್ರ ದೊಡ್ಡದು. ಅವರಿಗೆ ಎದುರಾಳಿಯಾಗಿ ನಿಂತವರು ಕ್ರಿಸ್ ಮೆಕ್‌ಡೇನಿಯಲ್. 42ರ ವಯಸ್ಸಿನ ವಕೀಲ, ರಾಜ್ಯ ಸೆನೆಟ್ ಸದಸ್ಯ, ಹಿಂದೆ ರೇಡಿಯೋ ಕಾರ್ಯಕ್ರಮ ನಡೆಸುತ್ತಿದ್ದವರು. ಸರಕಾರದ ಖರ್ಚನ್ನು ಕಡಿತಗೊಳಿಸಬೇಕೆನ್ನುವ ಟೀ ಪಾರ್ಟಿ ಚಳವಳಿ ಅವರ ಬೆನ್ನಿಗಿತ್ತು. ಕಾಕ್ರನ್ನರ ದೊಡ್ಡ ಸಾಧನೆ ಯಾವುದೋ ಅದನ್ನೇ ಮೆಕ್‌ಡೇನಿಯಲ್ ಅಪರಾಧವೆಂದು ಜನರ ಮುಂದಿಟ್ಟರು.

ಈ ವಾದವನ್ನು ಹಗುರವಾಗಿ ಕಾಣುವಂತಿರಲಿಲ್ಲ. ಎರಡು ವರ್ಷಗಳ ಹಿಂದೆ, 2012ರ ಮೇ ತಿಂಗಳಲ್ಲಿ, ಇಂಡಿಯಾನಾದ ರಿಚರ್ಡ್ ಲೂಗರ್ ಇಂಥದೇ ಸವಾಲಿಗೆ ಬಲಿಯಾಗಿದ್ದರು. ಹಿಂದಿನ ಸೋವಿಯತ್ ಒಕ್ಕೂಟದ ಸಾವಿರಾರು ಅಣ್ವಸ್ತ್ರ ಸಿಡಿತಲೆಗಳನ್ನು ನಿಷ್ಕ್ರಿಯಗೊಳಿಸಿದ ಯೋಜನೆಗೆ ಜೊತೆಗಾರರಾಗಿದ್ದ, ಭಾರತ-ಅಮೆರಿಕ ಅಣು ಒಪ್ಪಂದದ ಮಸೂದೆಯನ್ನು 2006ರಲ್ಲಿ ಸೆನೆಟ್‌ನಲ್ಲಿ ಮುನ್ನಡೆಸಿದ ಆ ಹಿರಿಯರಿಗೆ ಅವರದೇ ಪಕ್ಷದ ಮತದಾರರು ನೀಡಿದ್ದು ಶೇ. 39 ಮತ. ಅದೇ ಲೂಗರ್ 2006ರ ಮುಖ್ಯ ಚುನಾವಣೆಯಲ್ಲಿ ಶೇ. 87 ಮತ ಪಡೆದಿದ್ದರು! ವಿರೋಧ ಪಕ್ಷದವರೊಡನೆ ಕುಳಿತು ಕೆಲಸ ಮಾಡುವುದು ಅವರ ಮೇಲಿನ ಮುಖ್ಯ ಆರೋಪವಾಗಿತ್ತು. ವರ್ಜೀನಿಯಾದಲ್ಲಿ ಕೆಳಮನೆಯ ಬಹುಮತ ಪಕ್ಷದ ನಾಯಕ ಎರಿಕ್ ಕ್ಯಾಂಟರ್ ಸೋತದ್ದಂತೂ ಮಿಸಿಸಿಪ್ಪಿಯ ಎರಡು ಸುತ್ತುಗಳ ನಡುವಿನ ವಾರಗಳಲ್ಲಿಯೇ.

ಜೂನ್ 3ರ ಮೊದಲ ಸುತ್ತಿನಲ್ಲಿ ಮೆಕ್‌ಡೇನಿಯಲ್‌ಗೆ ಶೇ. 49.5, ಕಾಕ್ರನ್‌ಗೆ ಶೇ. 49 ಮತ ದೊರೆತವು. ಮೂರನೆಯ ಅಭ್ಯರ್ಥಿಯೊಬ್ಬರು ಒಂದೂವರೆ ಶೇಕಡಾ ಪಡೆದುದರಿಂದ ಎರಡನೇ ಸುತ್ತು ಅನಿವಾರ್ಯವಾಯಿತು. ಸಾಮಾನ್ಯವಾಗಿ ಎರಡನೇ ಸುತ್ತಿಗೆ ಬರುವ ಮತದಾರರು ಕಡಿಮೆ. ಬರುವವರು ಹೆಚ್ಚು ಹಠವುಳ್ಳವರು. ಆ ಲೆಕ್ಕದ ಪ್ರಕಾರ ಕಾಕ್ರನ್ನರ ಸೋಲು ಖಚಿತವಾಗಿತ್ತು. ಆಗ ಅವರ ಬೆಂಬಲಿಗರು ಹಿಂದೆ ಎಂದೂ ರಿಪಬ್ಲಿಕನ್ ಅಭ್ಯರ್ಥಿಯ ಪರವಾಗಿ ತಟ್ಟದ ಬಾಗಿಲುಗಳನ್ನು ತಟ್ಟಿದರು. ರಾಜ್ಯದ ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರುವ ಕಪ್ಪು ವರ್ಣೀಯರ ಚರ್ಚುಗಳಿಗೆ ಹೋದರು, ಅವರ ಪತ್ರಿಕೆಗಳಲ್ಲಿ, ರೇಡಿಯೋಗಳಲ್ಲಿ ಜಾಹೀರಾತು ನೀಡಿದರು. ಟೀ ಪಾರ್ಟಿಯವರು ನಿಮ್ಮ ಮತಕ್ಕೆ ಅಡ್ಡಿಪಡಿಸಲಿದ್ದಾರೆ ಎಂಬ ಎಚ್ಚರಿಕೆಯ ಕರಪತ್ರಗಳೂ ಹಂಚಿಕೆಯಾದವು.

ಜೂನ್ 24ರಂದು ಮತ ಹಾಕಿದವರ ಸಂಖ್ಯೆ ಸುಮಾರು 3.2 ಲಕ್ಷದಿಂದ 3.8 ಲಕ್ಷಕ್ಕೆ ಏರಿತು. ರಾಜಧಾನಿ ಜಾಕ್ಸನ್ ಇರುವ, ಕಪ್ಪು ವರ್ಣೀಯರೇ ಬಹುಸಂಖ್ಯಾತರಾದ ಹೈಂಡ್ಸ್ ಕೌಂಟಿಯಲ್ಲಿ ಕಾಕ್ರನ್ನರ ಮತ ಸಾವಿರಾರು ಹೆಚ್ಚಿತು. ಇಡೀ ರಾಜ್ಯದಲ್ಲಿ ಅವರ ಗೆಲುವಿನ ಅಂತರ ಎಂಟು ಸಾವಿರ ಮತಗಳಿಗಿಂತ ಕಡಿಮೆ. ಒಬಾಮರ ಆರೋಗ್ಯ ವಿಮಾ ಕಾನೂನನ್ನು ವಿರೋಧಿಸಿದ್ದ ರಿಪಬ್ಲಿಕನ್ ಸೆನೆಟರನ್ನು ಒಬಾಮರಿಗೆ ಮತ ಹಾಕಿದ್ದ ಜನರೇ ಕೈಹಿಡಿದು ಎತ್ತಿದರು.

ಮೆಕ್‌ಡೇನಿಯಲ್ ಸೋಲೊಪ್ಪಲಿಲ್ಲ. ರಿಪಬ್ಲಿಕನ್ನರ ಅಭ್ಯರ್ಥಿಯನ್ನು ಡೆಮಾಕ್ರಟರು ಆರಿಸಿದ್ದಾರೆಂದು ದೂರಿದರು, ನ್ಯಾಯಾಲಯದ ಮೆಟ್ಟಿಲೇರಿದರು, ಅಲ್ಲಿಯೂ ಗೆಲ್ಲಲಿಲ್ಲ. ಅವರ ದೂರಿನಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ನಮ್ಮ ಜಮಾಅತಿನ ಅಧ್ಯಕ್ಷರನ್ನು ಆರಿಸಲು ಪಕ್ಕದ ಮೊಹಲ್ಲಾದವರು ಸಾಲುಗಟ್ಟಿ ಬಂದರೆ ನಾವು ಸುಮ್ಮನಿರುತ್ತೇವೆಯೇ? ಆದರೆ ಮಿಸಿಸಿಪ್ಪಿಯ ಇತಿಹಾಸವನ್ನು ಬದಿಗಿಟ್ಟು ಆ ದೂರನ್ನು ತೂಗುವುದು ನ್ಯಾಯವಲ್ಲ.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಹುಕಾಲ ಡೆಮಾಕ್ರಟಿಕ್ ಪಕ್ಷವೊಂದೇ ಇದ್ದಂತೆ ಇತ್ತು. ಅದರ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದವರು ಮುಖ್ಯ ಚುನಾವಣೆಯಲ್ಲಿ ಗೆದ್ದಂತೆಯೇ. ಆದ್ದರಿಂದ ಕಪ್ಪು ವರ್ಣೀಯರನ್ನು ತಡೆಯಬೇಕಾದ ಸ್ಥಳ ಪ್ರಾಥಮಿಕ ಚುನಾವಣೆ ಎಂಬುದು ಅಲ್ಲಿನ ಒಡೆಯರಿಗೆ ಚೆನ್ನಾಗಿ ತಿಳಿದಿತ್ತು. ಇದು ಪಕ್ಷದ ಆಂತರಿಕ ವಿಷಯ, ಬಿಳಿಯರಿಗಷ್ಟೇ ಪ್ರವೇಶ ಎಂಬ ನಿಯಮ ಮಾಡಿದರು. 1944ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ ಮೇಲೆ ಪರೀಕ್ಷೆ, ತೆರಿಗೆ, ಬೆದರಿಕೆ, ಕೊಲೆಗಳು ಅದೇ ಕೆಲಸವನ್ನು ಮುಂದುವರಿಸಿದವು. 1960ರ ದಶಕದ ಆರಂಭದಲ್ಲಿ ಮಿಸಿಸಿಪ್ಪಿಯ ಕಪ್ಪು ವರ್ಣೀಯ ವಯಸ್ಕರಲ್ಲಿ ಮತದಾರರ ಪಟ್ಟಿಯಲ್ಲಿದ್ದವರು ಶೇ. 7ಕ್ಕಿಂತ ಕಡಿಮೆ. 1964ರ ಜೂನ್ 21ರಂದು, ಮತದಾರರ ನೋಂದಣಿಯ ಚಳವಳಿಗೆ ದುಡಿಯುತ್ತಿದ್ದ ಮೂವರು ಯುವಕರನ್ನು ಅಲ್ಲಿ ಕೊಂದು ಮಣ್ಣಿನಲ್ಲಿ ಹೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಫ್ಯಾನಿ ಲೂ ಹ್ಯಾಮರ್ ಎಂಬ ಹತ್ತಿಹೊಲದ ಕೂಲಿ ಮಹಿಳೆ ಅಟ್ಲಾಂಟಿಕ್ ಸಿಟಿಯ ಪಕ್ಷದ ಅಧಿವೇಶನಕ್ಕೆ ಹೋಗಿ, ಈ ಪಕ್ಷದಲ್ಲಿ ನಮಗೂ ಆಸನ ಬೇಕೆಂದು ದೇಶದೆದುರು ಕೇಳಿದರು. ಇಡೀ ನಿಯೋಗಕ್ಕೆ ಎರಡು ಆಸನಗಳ ಕೊಡುಗೆ ಬಂದಾಗ ಅವರು ತಿರಸ್ಕರಿಸಿದರು.

ಆ ಬಳಿಕ ಬಿಳಿಯ ಮತದಾರರು ಪಕ್ಷ ಬದಲಿಸಿದರು. 1982ರ ನಂತರ ಮಿಸಿಸಿಪ್ಪಿಯಲ್ಲಿ ಡೆಮಾಕ್ರಟರು ಸೆನೆಟ್ ಚುನಾವಣೆ ಗೆದ್ದಿಲ್ಲ. ಅಂದರೆ ನಿಜವಾದ ನಿರ್ಧಾರ ನಡೆಯುವ ಕೋಣೆ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ಸ್ಥಳಾಂತರಗೊಂಡಿತು. ಕಪ್ಪು ವರ್ಣೀಯರು ಮತ್ತೆ ಹೊರಗೇ ಉಳಿದರು, ಈ ಬಾರಿ ತಮ್ಮದೇ ಆಯ್ಕೆಯಿಂದ ಎಂಬ ತೋರಿಕೆಯಲ್ಲಿ. ಆ ಮೂವರು ಯುವಕರ ಕೊಲೆಗೆ ಐವತ್ತು ವರ್ಷ ತುಂಬಿದ ಮೂರನೇ ದಿನ ಅವರು ಆ ಕೋಣೆಗೆ ನಡೆದುಹೋದರು. ಇದನ್ನು ಅತಿಕ್ರಮಣವೆನ್ನಲು ನಮ್ಮ ಮನಸ್ಸು ಒಪ್ಪುವುದಿಲ್ಲ. ಅವರು ಕಾನೂನು ಮುರಿಯಲಿಲ್ಲ. ಜೂನ್ 3ರಂದು ಡೆಮಾಕ್ರಟಿಕ್ ಪ್ರಾಥಮಿಕ ಚುನಾವಣೆಯಲ್ಲಿ ಮತ ಹಾಕಿದ್ದವರಿಗೆ ಈ ಸುತ್ತಿನಲ್ಲಿ ಅವಕಾಶವಿರಲಿಲ್ಲ, ಉಳಿದವರಿಗೆ ಇತ್ತು. ಅವರನ್ನು ಆಳುವವರು ಯಾರೆಂಬುದು ಅಲ್ಲಿ ತೀರ್ಮಾನವಾಗುತ್ತಿತ್ತು.

ಕಾಕ್ರನ್ನರ ಕಥೆಯಲ್ಲಿ ಇನ್ನೊಂದು ಮರೆತ ಅಧ್ಯಾಯವಿದೆ. 1978ರಲ್ಲಿ ಅವರು ಮೊದಲ ಬಾರಿ ಗೆದ್ದದ್ದು ಶೇ. 45 ಮತಗಳಿಂದ. ಹತ್ಯೆಯಾದ ನಾಗರಿಕ ಹಕ್ಕುಗಳ ನಾಯಕ ಮೆಡ್ಗರ್ ಎವರ್ಸ್‌ರ ಅಣ್ಣ ಚಾರ್ಲ್ಸ್ ಎವರ್ಸ್ ಆಗ ಪಕ್ಷೇತರರಾಗಿ ನಿಂತು ಸುಮಾರು ಶೇ. 23 ಮತ ಸೆಳೆದರು. ಡೆಮಾಕ್ರಟರ ಮತ ಹಂಚಿಹೋಯಿತು, ಕಾಕ್ರನ್ ಗೆದ್ದರು. ಅವರು ಸೆನೆಟ್ ಪ್ರವೇಶಿಸಿದ್ದೂ ಅಲ್ಲಿ ಉಳಿದದ್ದೂ ಕಪ್ಪು ವರ್ಣೀಯರ ಮತ ಎತ್ತ ಹರಿಯಿತು ಎಂಬುದರಿಂದ.

ಹಾಗಾದರೆ ಅವರು ಈ ಸಮುದಾಯಕ್ಕೆ ನೀಡಿದ್ದೇನು? ಕಪ್ಪು ವರ್ಣೀಯರ ಐತಿಹಾಸಿಕ ಕಾಲೇಜುಗಳಿಗೆ, ಬಡವರ ಆರೋಗ್ಯ ಕೇಂದ್ರಗಳಿಗೆ ಹಣ ಬಂದಿತು. ಇದು ಸಣ್ಣದಲ್ಲ, ಮತ ಹಾಕಿದ ಅನೇಕರು ಮುಂದಿಟ್ಟ ಕಾರಣವೂ ಇದೇ. ಆದರೆ ಕಪ್ಪು ವರ್ಣೀಯರನ್ನು ಗುಂಪುಗೂಡಿ ಕೊಲ್ಲುತ್ತಿದ್ದುದರ ವಿರುದ್ಧ ಕಾನೂನು ತರದಿದ್ದುದಕ್ಕಾಗಿ ಸೆನೆಟ್ 2005ರಲ್ಲಿ ಕ್ಷಮೆ ಕೋರಿದಾಗ, ಆ ನಿರ್ಣಯಕ್ಕೆ ಸಹಪ್ರಸ್ತಾಪಕರಾಗದ ಕೆಲವೇ ಸದಸ್ಯರಲ್ಲಿ ಕಾಕ್ರನ್ ಒಬ್ಬರು. ಆ ಕೊಲೆಗಳಿಗೆ ಕುಖ್ಯಾತವಾದ ರಾಜ್ಯದ ಪ್ರತಿನಿಧಿ ಎಂಬುದನ್ನು ನೆನೆದರೆ ಆ ಮೌನ ಮತ್ತಷ್ಟು ಭಾರವಾಗುತ್ತದೆ. ಮತದಾನ ಹಕ್ಕು ಕಾಯ್ದೆಯ 2006ರ ನವೀಕರಣಕ್ಕೆ ಅವರು ಮತ ನೀಡಿದ್ದರು, ನಿಜ. ಅಂದು ಸೆನೆಟ್‌ನಲ್ಲಿ ಅದಕ್ಕೆ ವಿರೋಧವಾಗಿ ಒಂದು ಮತವೂ ಬಿದ್ದಿರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು ಗೆದ್ದ ಮೇಲೆ. ಒಂದು ವರ್ಷದ ಹಿಂದೆ, 2013ರ ಜೂನ್ 25ರಂದು, ಸುಪ್ರೀಂ ಕೋರ್ಟ್ ಆ ಕಾಯ್ದೆಯ ಮುಖ್ಯ ರಕ್ಷಣೆಯನ್ನು ನಿರ್ಬಲಗೊಳಿಸಿತ್ತು. ಮಿಸಿಸಿಪ್ಪಿಯಂಥ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮೊದಲು ಒಕ್ಕೂಟದ ಅನುಮತಿ ಪಡೆಯಬೇಕೆಂಬ ಕಟ್ಟಳೆ ಇಲ್ಲವಾಯಿತು. ರಾಜ್ಯದ ಹೊಸ ಗುರುತುಚೀಟಿ ಕಾನೂನು ಮೊದಲ ಬಾರಿಗೆ ಬಳಕೆಗೆ ಬಂದದ್ದು ಇದೇ ಜೂನ್ 3ರ ಚುನಾವಣೆಯಲ್ಲಿ. ಕಳೆದುಹೋದ ರಕ್ಷಣೆಯನ್ನು ಮರಳಿ ತರುವ ಮಸೂದೆ ಆಗ ಸೆನೆಟ್‌ನ ಮುಂದಿತ್ತು. ತಮ್ಮನ್ನು ಉಳಿಸಿದವರಿಗಾಗಿ ಕಾಕ್ರನ್ ಅದಕ್ಕೆ ಹೆಸರು ಕೊಡಲಿ ಎಂಬ ಬೇಡಿಕೆ ಕೇಳಿಬಂತು. ಅವರು ಕೊಡಲಿಲ್ಲ. ಕೃತಘ್ನತೆ ಎಂದು ನಿಂದಿಸುವುದು ಸುಲಭ. ಆದರೆ ಅವರು ಆ ಮಾತು ಕೊಟ್ಟಿರಲೇ ಇಲ್ಲ. ಮೂರು ವಾರಗಳ ಆ ಅವಸರದಲ್ಲಿ, ಸೆನೆಟರಿಗೆ ಪ್ರತಿ ಮತವೂ ಅಮೂಲ್ಯವಾಗಿದ್ದ ಕಾಲದಲ್ಲಿ, ಈ ಒಂದು ಮಸೂದೆಗೆ ಬಹಿರಂಗ ಬೆಂಬಲ ಘೋಷಿಸಿ ಎಂಬ ಷರತ್ತನ್ನು ಒತ್ತಾಯಿಸಿ ಪಡೆಯಲಾಗಲಿಲ್ಲ. ಮತ ಕೇಳಲು ಬಂದವರು ಎದುರಾಳಿಯ ಭಯವನ್ನು ಹೇಳಿ ಹೋದರು, ಭಯವಷ್ಟೇ ಸಾಕಾಯಿತು.

ಎರಡು ಹಾನಿಗಳು ಎದುರಾದಾಗ ಕಡಿಮೆಯದನ್ನು ಆರಿಸಬೇಕೆಂಬ ಫಿಕ್‌ಹ್‌ನ ಸೂತ್ರ ನಮ್ಮ ಮನೆಗಳಲ್ಲಿ ಪ್ರತಿ ಚುನಾವಣೆಯಲ್ಲಿಯೂ ಕೇಳಿಬರುತ್ತದೆ. ಮಿಸಿಸಿಪ್ಪಿಯವರು ಆ ದಿನ ಮಾಡಿದ್ದೂ ಅದನ್ನೇ, ಮತ್ತು ಸರಿಯಾಗಿಯೇ ಮಾಡಿದರೆಂದು ನಾವು ಹೇಳುತ್ತೇವೆ. ಆದರೆ ಆ ಸೂತ್ರವನ್ನು ಕೇವಲ ಮತದಾನದ ದಿನಕ್ಕೆ ಸೀಮಿತಗೊಳಿಸುವ ಅಭ್ಯಾಸ ನಮ್ಮಲ್ಲಿದೆ. ಕಡಿಮೆ ಹಾನಿಯ ಅಭ್ಯರ್ಥಿ ಯಾರೆಂದು ವಾರಗಟ್ಟಲೆ ಚರ್ಚಿಸುತ್ತೇವೆ. ಆತ ನಮ್ಮ ಬಾಗಿಲಿಗೆ ಬಂದಾಗ ಕೇಳಬೇಕಾದುದೇನು, ಅದನ್ನು ಯಾರ ಸಮಕ್ಷಮದಲ್ಲಿ ಕೇಳಬೇಕು, ಆರು ತಿಂಗಳ ಬಳಿಕ ಅದನ್ನು ನೆನಪಿಸುವವರು ಯಾರು ಎಂದು ಚರ್ಚಿಸುವುದಿಲ್ಲ. ಉಪಕಾರವಾಗಿ ಕೊಟ್ಟ ಮತಕ್ಕೆ ಲೆಕ್ಕಪತ್ರವಿರುವುದಿಲ್ಲ. ಮುಖಂಡರು ಶಾಲು ಹೊದಿಸಿ ಛಾಯಾಚಿತ್ರ ತೆಗೆಸಿಕೊಳ್ಳುವುದನ್ನು ನಾವು ಇಲ್ಲಿ ಲೆಕ್ಕಕ್ಕೆ ಸೇರಿಸುವುದಿಲ್ಲ.

ಒಂದು ಅಂಶವನ್ನು ಕಾಕ್ರನ್ನರ ಪರವಾಗಿ ದಾಖಲಿಸಬೇಕು. 2015ರಲ್ಲಿ ಚಾರ್ಲ್‌ಸ್ಟನ್‌ನ ಚರ್ಚಿನಲ್ಲಿ ಪ್ರಾರ್ಥನೆಗೆ ಕುಳಿತಿದ್ದ ಒಂಬತ್ತು ಕಪ್ಪು ವರ್ಣೀಯರ ಹತ್ಯೆಯಾದ ಬಳಿಕ, ಗುಲಾಮಗಿರಿಯ ಪರವಾಗಿ ಹೋರಾಡಿದ ಸೇನೆಯ ಲಾಂಛನವನ್ನು ಹೊತ್ತಿದ್ದ ಮಿಸಿಸಿಪ್ಪಿಯ ಧ್ವಜವನ್ನು ಬದಲಿಸುವುದು ಒಳಿತೆಂದು ಅವರು ಹೇಳಿದರು. ಮೆಕ್‌ಡೇನಿಯಲ್ ಆ ಸ್ಥಾನದಲ್ಲಿದ್ದಿದ್ದರೆ ಆ ಮಾತು ಬರುತ್ತಿರಲಿಲ್ಲವೆಂದೇ ನಮ್ಮ ಊಹೆ. ಧ್ವಜ ಇಳಿದದ್ದು 2020ರಲ್ಲಿ. ಅದನ್ನು ಕಾಣಲು ಕಾಕ್ರನ್ ಇರಲಿಲ್ಲ.

ಅನಾರೋಗ್ಯದಿಂದ ಅವರು 2018ರ ಏಪ್ರಿಲ್‌ನಲ್ಲಿ ರಾಜೀನಾಮೆ ನೀಡಿದ್ದರು, ಮರುವರ್ಷ ತೀರಿಕೊಂಡರು. ತೆರವಾದ ಸ್ಥಾನಕ್ಕೆ ಮೆಕ್‌ಡೇನಿಯಲ್ ಮತ್ತೆ ಸ್ಪರ್ಧಿಸಿ ಮೂರನೇ ಸ್ಥಾನಕ್ಕೆ ಕುಸಿದರು. ಆ ವರ್ಷದ ನವೆಂಬರ್ 27ರ ಅಂತಿಮ ಸುತ್ತಿನಲ್ಲಿ ಕಪ್ಪು ವರ್ಣೀಯರಾದ ಡೆಮಾಕ್ರಟ್ ಮೈಕ್ ಎಸ್ಪಿ ನಿಂತಿದ್ದರು. ಹೈಂಡ್ಸ್ ಕೌಂಟಿಯವರು ಈ ಬಾರಿ ಯಾರ ಕೋಣೆಗೂ ಹೋಗಬೇಕಾಗಿರಲಿಲ್ಲ. ಎಸ್ಪಿಗೆ ರಾಜ್ಯದಲ್ಲಿ ದೊರೆತದ್ದು ಸುಮಾರು ಶೇ. 46 ಮತ, ಗೆದ್ದವರು ರಿಪಬ್ಲಿಕನ್ ಸಿಂಡಿ ಹೈಡ್-ಸ್ಮಿತ್. ಮತದಾನ ಹಕ್ಕಿನ ರಕ್ಷಣೆಯನ್ನು ಮರಳಿ ತರುವ ಮಸೂದೆ ಹಲವು ರೂಪಗಳಲ್ಲಿ ಮತ್ತೆ ಮತ್ತೆ ಬಂದರೂ ಸೆನೆಟ್ ದಾಟಿಲ್ಲ.