ಮಳೆಗೆ ಮುಂಚೆ ಹೊಡೆದ ಔಷಧಿ ಕೊನೆಗೆ ಸೇರೋದು ಕೆರೆಗೆ

ಜೋರು ಮಳೆ ಬಿದ್ದ ಮಾರನೇ ದಿನ ನಮ್ಮ ಯಲ್ದೂರು ಕಡೆ ಕೆರೆಗೆ ನೀರು ಬಂತು ಅಂದ್ರೆ ಸಾಕು, ಹುಡುಗರು ಗಾಳ ಹಿಡಿದು ಹೊರಡ್ತಾರೆ. ಹೊಸ ನೀರಿಗೆ ಮೀನು ಏಳುತ್ತೆ ಅನ್ನೋದು ಸುಳ್ಳಲ್ಲ. ಕೆಂಪು ನೀರು ಎರೆಹುಳ, ಇರುವೆ, ಮಿಡತೆ ಎಲ್ಲವನ್ನೂ ಕೊಚ್ಚಿಕೊಂಡು ಬರುತ್ತೆ. ಸಂಜೆ ರೆಕ್ಕೆ ಬಂದ ಗೆದ್ದಲು ಎದ್ದರೆ, ನೀರಿಗೆ ಬಿದ್ದಿದ್ದೆಲ್ಲ ಮೀನಿನ ಪಾಲು.

ಆದ್ರೆ ಅದೇ ನೀರಲ್ಲಿ ಇನ್ನೊಂದೂ ಬರುತ್ತೆ. ನಾವು ಹಿಂದಿನ ದಿನ ಟೊಮೆಟೊಗೆ, ಮಾವಿಗೆ ಹೊಡೆದ ಔಷಧಿ.

ನಾನೂ ಈ ತಪ್ಪು ಮಾಡಿದ್ದೀನಿ. ಮೋಡ ಕಟ್ಟಿದೆ, ಹುಳ ಜಾಸ್ತಿ ಆಗುತ್ತೆ ಅಂತ ಹೆದರಿ ಸಂಜೆ ಟೊಮೆಟೊಗೆ ಹೊಡೆದೆ. ರಾತ್ರಿ ಮಳೆ ಬಂತು. ದುಡ್ಡೂ ಹೋಯ್ತು, ಹುಳಾನೂ ಉಳೀತು. ಆ ಔಷಧಿ ಎಲ್ಲಿಗೆ ಹೋಯ್ತು ಅಂತ ಅವತ್ತು ಯೋಚನೆ ಮಾಡಲೇ ಇಲ್ಲ.

ಸೈಪರ್‌ಮೆಥ್ರಿನ್, ಲ್ಯಾಂಬ್ಡಾ ಸೈಹಲೋಥ್ರಿನ್ ಥರದ ಔಷಧಿಗಳು ಮಣ್ಣಿಗೆ ಅಂಟಿಕೊಳ್ಳುತ್ತವೆ. ಮಣ್ಣು ಕೊಚ್ಚಿದರೆ ಜೊತೆಗೆ ಹೋಗುತ್ತವೆ. ಮೀನಿಗೆ, ನೀರಿನ ಹುಳಕ್ಕೆ ಇವು ತೀರಾ ಸ್ವಲ್ಪ ಇದ್ದರೂ ವಿಷ. ಕೋಲಾರ ಜಿಲ್ಲೆಗೆ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಇರೋದು ಕೆರೆಗಳೇ. ಒಂದು ಕೆರೆ ಕೋಡಿ ಹರಿದರೆ ಕೆಳಗಿನ ಕೆರೆಗೆ ನೀರು. ನಮ್ಮ ತಪ್ಪಿಗೆ ಕೆಳಗಿನ ಊರಿನವರು ಯಾಕೆ ಬೆಲೆ ಕೊಡಬೇಕು?

ಹೊರದೇಶಗಳಲ್ಲಿ ನದಿಯಲ್ಲಿ ಕೃತಕ ಹುಳ ಕಟ್ಟಿ ಮೀನು ಹಿಡಿಯೋರು ಮಳೆ ಆದ ಮೇಲೆ ಮೊದಲು ನೀರಿನ ಬಣ್ಣ ನೋಡ್ತಾರೆ, ಆಮೇಲೆ ಯಾವ ಹುಳ ಏಳ್ತಿದೆ ಅಂತ ನೋಡ್ತಾರೆ. ಆ ಅಭ್ಯಾಸ ನಮಗೂ ಬೇಕು. ಬೆಳಗಿನ ಜಾವ ಮೀನು ಬಾಯಿ ಬಿಟ್ಟು ಮೇಲೆ ಬಂದು, ಬಿಸಿಲೇರಿದ ಮೇಲೆ ಸರಿಹೋದರೆ ಅದು ಆಮ್ಲಜನಕದ ಕೊರತೆ. ಕೃಷಿ ಹೊಂಡದಲ್ಲಿ ಮೀನು ಸಾಕಿರೋರು ಅವತ್ತು ಮೇವು ನಿಲ್ಲಿಸಿ, ಪಂಪ್‌ನಿಂದ ನೀರು ಚಿಮ್ಮಿಸಿ. ಆದ್ರೆ ಚಿಕ್ಕ ಮೀನು, ನೀರಿನ ಹುಳ, ಏರೋಪ್ಲೇನ್ ಚಿಟ್ಟೆಯ ಮರಿ ಎಲ್ಲಾ ಒಟ್ಟಿಗೆ ಸತ್ತು ತೇಲಿದರೆ ವಿಷ ಅಂತಲೇ ಅನುಮಾನ ಪಡಿ. ಆ ಮೀನು ತಿನ್ನಬೇಡಿ, ಮಾರಬೇಡಿ. ಮೀನುಗಾರಿಕೆ ಇಲಾಖೆಗೆ ತಿಳಿಸಿ.

"ಮಳೆಗಾಲದಲ್ಲಿ ಔಷಧಿ ಹೊಡೀದೆ ಬೆಳೆ ಉಳಿಯುತ್ತಾ?" ಅಂತ ಕೇಳ್ತೀರಿ. ಹೊಡೀಲೇಬೇಡಿ ಅಂತ ನಾನು ಹೇಳ್ತಿಲ್ಲ. ದೀಪಕ್ಕೆ ಮುತ್ತೋ ಹುಳ ಎಲ್ಲಾ ಬೆಳೆಗೆ ಶತ್ರು ಅಲ್ಲ, ಮೊದಲು ಎಲೆ ತಿರುಗಿಸಿ ನೋಡಿ. ಕೈಯಲ್ಲಿ ಫೋನ್ ಇದೆ. ಮೇಘದೂತ್ ಆ್ಯಪ್‌ನಲ್ಲಿ ಮಂಗಳವಾರ, ಶುಕ್ರವಾರ ಜಿಲ್ಲೆಯ ಹವಾಮಾನ ಸಲಹೆ ಬರುತ್ತೆ. ಮಳೆ ಇದೆ ಅಂದ್ರೆ ಆ ದಿನ ಪಂಪ್ ಕೆಳಗಿಡಿ. ಕಾಲುವೆ ಪಕ್ಕ ಒಂದು ಪಟ್ಟಿ ಹುಲ್ಲು ಬಿಡಿ, ಮಣ್ಣು ಅಲ್ಲೇ ತಡೆಯುತ್ತೆ. ಪಂಪ್ ಅನ್ನು ಕಾಲುವೆಯಲ್ಲಿ ತೊಳೀಬೇಡಿ.

ಇಷ್ಟು ಮಾಡಿದರೆ ಮೊದಲು ಉಳಿಯೋದು ನಿಮ್ಮ ದುಡ್ಡೇ. ಕೆರೆ ಮೀನು ಅದರ ಜೊತೆಗೆ ಉಳಿಯುತ್ತೆ.