ನೂರು ಬಾಯಿಯ ಹುಸಿಯೂ ಹುಸಿಯೇ



“ಊರೆಲ್ಲ ಹೇಳುತ್ತಿದೆ, ಸುಳ್ಳಿರಲಾರದು” ಎಂಬ ಮಾತಿಗಿಂತ ಅಪಾಯಕರವಾದ ತರ್ಕ ಬೇರೊಂದಿಲ್ಲ.

2018ರ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿ ಗ್ರಾಮದಲ್ಲಿ ನಡೆದುದನ್ನು ನೆನೆಯಿರಿ. ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟ ಪರಸ್ಥಳದವರನ್ನು ಮಕ್ಕಳ ಕಳ್ಳರೆಂದು ವಾಟ್ಸಾಪ್ ಸಾರಿತು. ಗುಂಪು ಮುಗಿಬಿದ್ದಿತು, ಹೈದರಾಬಾದಿನ ಯುವಕನೊಬ್ಬ ಪ್ರಾಣ ಬಿಟ್ಟ. ಬಿಡಿಸಲು ಹೋದ ಪೊಲೀಸರೂ ಗಾಯಗೊಂಡರು. ಶರಣರ ಕಲ್ಯಾಣವಿರುವ ಜಿಲ್ಲೆಯಲ್ಲಿಯೇ ಇದು ನಡೆದದ್ದು ನಮ್ಮೆಲ್ಲರೂ ತಲೆ ತಗ್ಗಿಸಬೇಕಾದ ಸಂಗತಿ.

ನೂರು ಮಂದಿ ಕಳುಹಿಸಿದ ಸಂದೇಶಕ್ಕೆ ನೂರು ಸಾಕ್ಷಿಗಳಿರುವುದಿಲ್ಲ. ಬರೆದವನು ಒಬ್ಬನೇ, ಉಳಿದವರು ಕಂಡವರಲ್ಲ, ಕಳುಹಿಸಿದವರು ಮಾತ್ರ. ಅಪಪ್ರಚಾರದ ಬಂಡವಾಳವೇ ಈ ಎಣಿಕೆಯ ಭ್ರಮೆ.

ಅದೇ ತಿಂಗಳು ವಾಟ್ಸಾಪ್ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ರವಾನಿಸುವ ಮಿತಿಯನ್ನು ಪ್ರಕಟಿಸಿತು. ಹುಸಿಗೆ ಐದು ಬಾಗಿಲು ಸಾಲದೇ? “ನಾನು ಬರಿದೇ ಕಳುಹಿಸಿದೆ” ಎಂಬುದು ಸಮಜಾಯಿಷಿಯಲ್ಲ. ಬಸವಣ್ಣನವರು ಕೊಲೆಯನ್ನೂ ಹುಸಿಯನ್ನೂ ಒಂದೇ ವಚನದಲ್ಲಿ ನಿಷೇಧಿಸಿದ್ದೇಕೆ? ಮುರ್ಕಿಯಲ್ಲಿ ಹುಸಿಯೇ ಕೊಂದಿತು.

ಬೇಲೂರು, ಹಳೇಬೀಡುಗಳನ್ನು ನೋಡಲು ಬರುವ ಅಪರಿಚಿತರು ನಮ್ಮ ಹಗರೆಯ ಮೂಲಕವೂ ಸಾಗುತ್ತಾರೆ. ಅವರ ಕೈಯಲ್ಲಿಯೂ ಮಕ್ಕಳಿಗೆ ಕೊಡುವ ಮಿಠಾಯಿ ಇರಬಹುದು. ಅವರ ಕುರಿತು ಸಂದೇಶವೊಂದು ಬಂದಾಗ, ಕಣ್ಣಾರೆ ಕಂಡವರಾರು ಎಂದು ಕೇಳಿರಿ. ಉತ್ತರ ದೊರೆಯದಿದ್ದರೆ ಆ ಮಾತು ನಿಮ್ಮಲ್ಲಿಯೇ ನಿಲ್ಲಲಿ. ಗುಂಪಿನೊಡನೆ ಓಡುವುದು ಭಕ್ತಿಯಲ್ಲ. ನಿಂತು ವಿಚಾರಿಸುವುದೇ ಅರಿವು.