ಸಾವಿರದ ದಿನದ ಪ್ರಾರ್ಥನೆ

ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡರೆ ನಾವು ಏಳನೆಯ ದಿನ, ತಿಂಗಳು, ವರ್ಷ ಎಂದು ಲೆಕ್ಕವಿಟ್ಟು ಪೂಜೆ ಇಡಿಸುತ್ತೇವೆ. ಇಂಡೋನೇಷ್ಯಾದ ಜಾವಾ ದ್ವೀಪದ ಕಥೋಲಿಕರ ಲೆಕ್ಕ ಇನ್ನೂ ಉದ್ದ. ಮೂರನೆಯ ದಿನ, ಏಳು, ನಲವತ್ತು, ನೂರು, ಬಳಿಕ ಒಂದು ವರ್ಷ, ಎರಡು ವರ್ಷ, ಕೊನೆಗೆ ಸಾವಿರದ ದಿನ!

ಈ ಲೆಕ್ಕ ಧರ್ಮಸಭೆ ಕೊಟ್ಟದ್ದಲ್ಲ, ಜಾವಾದ ಹಿರಿಯರದು. ಅಲ್ಲಿ ಹುಟ್ಟು, ಮದುವೆ, ಸಾವು ಯಾವುದಕ್ಕೂ 'ಸ್ಲಾಮತಾನ್' ಎಂಬ ಊಟ ಉಂಟು. ನೆರೆಯವರು ಚಾಪೆಯ ಮೇಲೆ ಒಟ್ಟಿಗೆ ಕೂತು ಪ್ರಾರ್ಥಿಸಿ ಅನ್ನ ಹಂಚಿಕೊಳ್ಳುತ್ತಾರೆ, ಮನೆಯವರಿಗೆಂದು ಒಂದು ಪಾಲನ್ನು ಕೊಂಡೊಯ್ಯುತ್ತಾರೆ. ಊರಿನ ಹೆಚ್ಚಿನವರು ಮುಸಲ್ಮಾನರು. ಅವರಲ್ಲೂ ಈ ಪದ್ಧತಿ ಇದೆ.

ಯೇಸುಸಭೆಯ ಫಾದರ್ ಫ್ರಾನ್ಸಿಸ್ಕುಸ್ ವಾನ್ ಲಿತ್ ಹಾಲೆಂಡಿನಿಂದ 1896ರಲ್ಲಿ ಜಾವಾಕ್ಕೆ ಬಂದರು. ಮುಂತಿಲಾನ್ ಊರಿನಲ್ಲಿ ನೆಲೆಸಿ, ಜನರ ಭಾಷೆ ಮತ್ತು ನಡೆನುಡಿ ಕಲಿತು, ಶಾಲೆ ಕಟ್ಟಿದರು. 1904ರ ಡಿಸೆಂಬರ್ 14ರಂದು ಸೆಂದಾಂಗ್‌ಸೋನೊ ಎಂಬಲ್ಲಿ ಮರಗಳ ನಡುವಿನ ಒರತೆಯ ನೀರಿನಿಂದಲೇ 171 ಮಂದಿಗೆ ದೀಕ್ಷಾಸ್ನಾನ ಕೊಟ್ಟರು. ಇಂದು ಅದು ಮಾತೆ ಮರಿಯಮ್ಮನವರ ಯಾತ್ರಾಸ್ಥಳ. ಮುಂತಿಲಾನಿನ ಶಾಲೆಯಲ್ಲಿ ಕಲಿತ, ಮುಸಲ್ಮಾನ ಮನೆತನದ ಹುಡುಗ ಸೂಗಿಯಾಪ್ರಾನತ 1940ರಲ್ಲಿ ಇಂಡೋನೇಷ್ಯಾದ ಮೊದಲ ಸ್ವದೇಶಿ ಬಿಷಪರಾದರು.

ಆ ಹೊಸ ವಿಶ್ವಾಸಿಗಳ ಮುಂದಿದ್ದ ಪ್ರಶ್ನೆ ಸಣ್ಣದಲ್ಲ. ದೀಕ್ಷಾಸ್ನಾನ ಪಡೆದ ಮೇಲೆ ನೆರೆಮನೆಯ ಚಾಪೆಯಿಂದ ಏಳಬೇಕೆ? ತಂದೆಯ ಸಾವಿರದ ದಿನ ಮರೆತರೆ ಊರು ಏನೆಂದೀತು? ಆಚರಿಸಿದರೆ ವಿಶ್ವಾಸಕ್ಕೆ ದ್ರೋಹವಾದೀತೆ?

ದ್ವಿತೀಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ದೈವಾರಾಧನೆಯ ಕುರಿತ ತನ್ನ ಸಂವಿಧಾನದಲ್ಲಿ ಇದಕ್ಕೆ ದಾರಿ ತೋರಿಸಿತು. ಜನರ ಪದ್ಧತಿಗಳಲ್ಲಿ ಮೂಢನಂಬಿಕೆಯೊಂದಿಗೆ ಬಿಡಿಸಲಾಗದಂತೆ ಹೆಣೆದುಕೊಳ್ಳದಿರುವುದನ್ನು ಧರ್ಮಸಭೆ ಆದರದಿಂದ ನೋಡುತ್ತದೆ, ಸಾಧ್ಯವಾದರೆ ಉಳಿಸಿಕೊಳ್ಳುತ್ತದೆ ಎಂಬುದು ಅದರ ತಾತ್ಪರ್ಯ. ಅಕ್ಕಿ ಕೇರುವ ತಾಯಂದಿರಿಗೆ ಈ ಕೆಲಸ ಗೊತ್ತು. ಹೊಟ್ಟು ಹಾರಬೇಕು, ಕಾಳು ಮೊರದಲ್ಲಿ ಉಳಿಯಬೇಕು.

ಊಟ ಹಾಕದಿದ್ದರೆ ಸತ್ತವರ ಆತ್ಮ ಅಲೆಯುತ್ತದೆ ಎಂಬ ಭಯ ಹೊಟ್ಟು. ನೆರೆಯವರು ಕೂಡುವುದು, ಸತ್ತವರನ್ನು ನೆನೆಯುವುದು, ಅನ್ನ ಹಂಚುವುದು ಕಾಳು. ಆದ್ದರಿಂದ ಅಲ್ಲಿನ ಕಥೋಲಿಕ ಮನೆಗಳಲ್ಲಿ ಅದೇ ದಿನಗಳಂದು ಶುಭಸಂದೇಶ ಓದುತ್ತಾರೆ, ಮೃತರಿಗಾಗಿ ಪ್ರಾರ್ಥಿಸುತ್ತಾರೆ, ಕೆಲವೊಮ್ಮೆ ಮನೆಯಲ್ಲೇ ಬಲಿಪೂಜೆ ಆಗುತ್ತದೆ. ಚಾಪೆ ಅದೇ, ಅನ್ನ ಅದೇ, ಭರವಸೆ ಮಾತ್ರ ಪುನರುತ್ಥಾನದ್ದು. ಬಸುರಿಗೆ ಏಳನೆಯ ತಿಂಗಳಲ್ಲಿ ಮಾಡುವ 'ಮಿತೋನಿ'ಯೂ ತಾಯಿ ಮತ್ತು ಮಗುವಿಗಾಗಿ ಪ್ರಾರ್ಥಿಸುವ ಸಂದರ್ಭವಾಗಿದೆ. ಗಂಜೂರಾನ್ ಊರಿನ ದೇವಾಲಯದ ಅಂಗಳದಲ್ಲಿ ಯೇಸುವಿನ ಪವಿತ್ರ ಹೃದಯದ ಪ್ರತಿಮೆ ಜಾವಾದ ಅರಸನ ರೂಪದಲ್ಲಿದೆ. 2006ರ ಭೂಕಂಪದಲ್ಲಿ ಬಿದ್ದ ಆ ದೇವಾಲಯವನ್ನು ಮತ್ತೆ ಕಟ್ಟುವಾಗ ಜಾವಾದ ಮನೆಯ ಶೈಲಿಯನ್ನೇ ಆರಿಸಿಕೊಂಡರು.

ಇದು ನಮಗೆ ದೂರದ ಮಾತೇ? ಭಾರತದ ಪೂಜೆಯಲ್ಲಿ ಆರತಿ, ನೆಲದ ಮೇಲೆ ಕೂರುವುದು ಮುಂತಾದವಕ್ಕೆ 1969ರಲ್ಲಿ ಒಪ್ಪಿಗೆ ಬಂದಾಗ ನಮ್ಮಲ್ಲೂ ಚರ್ಚೆ ನಡೆಯಿತು. ಕರಾವಳಿಯ ಮನೆಗಳಲ್ಲಿ ಸೆಪ್ಟೆಂಬರ್ 8ರಂದು ಮಾತೆಯ ಹಬ್ಬಕ್ಕೆ ಆಶೀರ್ವದಿಸಿದ ಹೊಸ ತೆನೆಯನ್ನು ಅನ್ನಕ್ಕೋ ಪಾಯಸಕ್ಕೋ ಬೆರೆಸಿ ಉಣ್ಣುತ್ತೇವೆ. ಆ ತೆನೆಯೂ ನಮ್ಮ ನೆಲದ್ದೇ ಅಲ್ಲವೇ?

ಒಂದು ಎಚ್ಚರಿಕೆ ಮಾತ್ರ ಇಬ್ಬರಿಗೂ ಬೇಕು. ನೆನಪಿನ ಊಟ ಪಕ್ಕದ ಮನೆಯೊಂದಿಗೆ ಪೈಪೋಟಿಯಾದರೆ, ಬಡವ ಸಾಲ ಮಾಡಿ ಅಡುಗೆ ಮಾಡಿಸುವಂತಾದರೆ, ಹಾರಿಸಿದ ಹೊಟ್ಟು ಮತ್ತೆ ಮೊರಕ್ಕೆ ಬಂದಂತೆ. ಒಂದು ಲೋಟ ಚಹಾ, ಒಂದು ಪ್ರಾರ್ಥನೆ ಸಾಕು.

ಮುಂದಿನ ಬಾರಿ ನಮ್ಮ ಮನೆಯಲ್ಲಿ ವರ್ಷದ ಪೂಜೆ ಇಡಿಸುವಾಗ, ಅಂದು ಶವಕ್ಕೆ ಹೆಗಲು ಕೊಟ್ಟ ಅನ್ಯಧರ್ಮದ ನೆರೆಯವರನ್ನೂ ಕರೆಯೋಣ. ಅವರಿಗೂ ಒಂದು ಚಾಪೆ ಹಾಸೋಣ.